ಲಾಟೀನಿನದು ಲಾಟೀನಿಗೇ ಇರಲಿ

"ಅದೂ ಪೆಟ್ರೋಲಿನ ಜಾತಿಯೇ ಅಲ್ದಾ ಮಾರಾಯ್ರೇ? ವಾಸನೆ ನೋಡಿ, ಹೊತ್ತಿಕೊಳ್ಳೂದು ನೋಡಿ. ಒಂಚೂರು ಆಯಿಲ್ ಬೆರೆಸಿ ಹಾಕಿದ್ರೆ ಮಿಷನ್ ಓಡೂದಿಲ್ವಾ?"

ಬೇಲಿಯ ಆ ಕಡೆಯಿಂದ ಶಿರಸಿಯವರು ಹೀಗೆ ಕೇಳಿದಾಗ ಅವರ ಒಂದು ಕೈಯಲ್ಲಿ ಮರ ಕುಯ್ಯುವ ಚೈನ್ ಸಾ ಇತ್ತು. ಇನ್ನೊಂದು ಕೈಯಲ್ಲಿ ಕ್ಯಾಂಪಿಂಗ್ ಲಾಟೀನಿಗೆ ಹಾಕುವ ಕೋಲ್ಮನ್ ಇಂಧನದ ತಗಡಿನ ಡಬ್ಬಿ. ನಾವಿಬ್ಬರೂ ಇರುವುದು ನ್ಯೂ ಜೆರ್ಸಿಯಲ್ಲಿ. ಅವರಿಗೆ ನಾನು ಮೈಸೂರಿನವರು, ನನಗೆ ಅವರು ಶಿರಸಿಯವರು. ಹಿಂದಿನ ರಾತ್ರಿಯ ಗಾಳಿಗೆ ಅವರ ಹಿತ್ತಿಲಿನ ಮೇಪಲ್ ಮರದ ಕೊಂಬೆಯೊಂದು ಮುರಿದು ಬೇಲಿಯ ಮೇಲೆಯೇ ಬಿದ್ದಿತ್ತು. ಪೆಟ್ರೋಲ್ ಕ್ಯಾನು ಖಾಲಿ. ಗ್ಯಾರೇಜಿನ ಮೂಲೆಯಲ್ಲಿ ಸಿಕ್ಕಿದ್ದು ಈ ಡಬ್ಬಿ, ಇನ್ನೂ ಸೀಲು ಒಡೆಯದ್ದು.

"ಬೇಡ ಸಾರ್, ಅದನ್ನ ಕೆಳಗಿಡಿ" ಅಂದೆ.

"ಎಂಥಕ್ಕೆ?" ಅಂದರು.

ಆ ಮಾತು ಎಲ್ಲೆಲ್ಲಿಗೋ ಹೋಯಿತು. ಅಷ್ಟನ್ನೂ ಇಲ್ಲಿ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣವಿದೆ. ಕೇಳಿದ್ದು ದಡ್ಡ ಪ್ರಶ್ನೆಯಲ್ಲ. ಗಾಳಿಮಳೆ ಬಂದು ಕರೆಂಟು ಹೋದಾಗಲೆಲ್ಲ ಈ ದೇಶದಲ್ಲಿ ಎಷ್ಟೋ ಜನ ಇದನ್ನೇ ಕೇಳಿಕೊಳ್ಳುತ್ತಾರೆ. ಕೆಲವರು ಕೇಳದೆಯೇ ಸುರಿದುಬಿಡುತ್ತಾರೆ.

ಶಿರಸಿಯವರು ಹೇಳಿದ್ದರಲ್ಲಿ ಅರ್ಧ ಸರಿಯೇ ಇತ್ತು. ನಮ್ಮೂರ ಲಾಟೀನು, ಮದುವೆ ಮನೆಯ ಗ್ಯಾಸ್‌ಲೈಟು, ಬಯಲಾಟದ ಗ್ಯಾಸ್‌ಲೈಟು ಎಲ್ಲವೂ ಉರಿಯುತ್ತಿದ್ದದ್ದು ಸೀಮೆಎಣ್ಣೆಯಲ್ಲಿ. ಇಲ್ಲಿನ ಕ್ಯಾಂಪಿಂಗ್ ಲಾಟೀನು ನೋಡಲು ನಮ್ಮ ಗ್ಯಾಸ್‌ಲೈಟಿನ ತಮ್ಮನಂತೆಯೇ ಇದೆ. ಅದೇ ಪಂಪು, ಅದೇ ಬಲೆಚೀಲದಂಥ ಮೆಂಟಲ್ಲು, ಹಚ್ಚಿದರೆ ಅದೇ ಸುಯ್ ಶಬ್ದ. ಆದರೆ ಒಳಗಿರುವುದು ಸೀಮೆಎಣ್ಣೆಯಲ್ಲ, ನಾಫ್ತಾ. ಕಚ್ಚಾತೈಲವನ್ನು ಬಟ್ಟಿ ಇಳಿಸುವಾಗ ಮೊದಮೊದಲು ಸಿಗುವ ಹಗುರ ಭಾಗ ಅದು. ಸೀಮೆಎಣ್ಣೆಯ ಆವಿಗೆ ಬೆಂಕಿ ತಗಲಬೇಕಾದರೆ ಎಣ್ಣೆ ಸುಮಾರು 38 ಡಿಗ್ರಿಯಷ್ಟಾದರೂ ಬಿಸಿಯಾಗಬೇಕು. ನಾಫ್ತಾಕ್ಕೆ ಅದೆಲ್ಲ ಬೇಡ, ಹಿಮ ಬೀಳುವ ಚಳಿಯಲ್ಲೂ ಅದರ ಆವಿ ಕಿಡಿಗಾಗಿ ಕಾದು ಕೂತಿರುತ್ತದೆ. ಈ ಒಂದು ವಿಷಯದಲ್ಲಿ ಅದು ಪೆಟ್ರೋಲಿನ ಒಡಹುಟ್ಟೇ.

ಒಂದು ಕಾಲದಲ್ಲಿ ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ಡಬ್ಲ್ಯು. ಸಿ. ಕೋಲ್ಮನ್ ಎಂಬಾತ 1900ರಲ್ಲಿ ಒಕ್ಲಹೋಮಾದ ಕಿಂಗ್‌ಫಿಶರ್ ಎಂಬ ಊರಿನಲ್ಲಿ ದೀಪದ ವ್ಯಾಪಾರ ಶುರು ಮಾಡಿ, ಎರಡು ವರ್ಷದ ಮೇಲೆ ಕಾನ್ಸಾಸಿನ ವಿಚಿಟಾಕ್ಕೆ ಬಂದು ನೆಲೆಯೂರಿದ. 1905ರಲ್ಲಿ ಅಲ್ಲಿ ಎರಡು ಕಾಲೇಜು ತಂಡಗಳು ರಾತ್ರಿ ಹೊತ್ತು ಫುಟ್‌ಬಾಲ್ ಆಡಿದಾಗ ಮೈದಾನಕ್ಕೆ ಬೆಳಕು ಕೊಟ್ಟದ್ದು ಅವನ ಪೆಟ್ರೋಲ್ ದೀಪಗಳು. ಕೈಯಲ್ಲಿ ಹಿಡಿದು ಓಡಾಡುವ ಲಾಟೀನು 1914ರಲ್ಲಿ ಬಂತು. ಕರೆಂಟು ಮುಟ್ಟದ ಹಳ್ಳಿಯ ರೈತನಿಗೆ ಹಸುವಿನ ಹಾಲು ಕರೆಯಲು, ಹೆರಿಗೆಗೆ ಎದ್ದು ಕೂರಲು ಬೆಳಕು ಸಿಕ್ಕಿದ್ದು ಆಗ. ಅದೇ ಹೊತ್ತಿಗೆ ರಸ್ತೆಗಿಳಿದಿದ್ದ ಫೋರ್ಡಿನ ಮಾಡೆಲ್ ಟಿ ಕಾರು ಕುಡಿಯುತ್ತಿದ್ದದ್ದೂ ಹೆಚ್ಚುಕಡಿಮೆ ಅಂಥದ್ದೇ ಇಂಧನ. ಲಾಟೀನಿಗೆ ಒಂದು, ಕಾರಿಗೆ ಒಂದು ಅಂತ ಡಬ್ಬಿ ಬೇರೆ ಮಾಡಬೇಕಾಗಿರಲಿಲ್ಲ.

ದಾರಿ ಬೇರೆಯಾದದ್ದು ಎಂಜಿನ್ನಿನ ಆಸೆಯಿಂದ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಸಿಲಿಂಡರಿನಲ್ಲಿ ಹೆಚ್ಚು ಒತ್ತಿದಷ್ಟೂ ಹೆಚ್ಚು ಶಕ್ತಿ ಸಿಗುತ್ತದೆ. ಮಾಡೆಲ್ ಟಿ ಕಾರು ಅದನ್ನು ಒತ್ತುತ್ತಿದ್ದದ್ದು ನಾಲ್ಕರಲ್ಲಿ ಒಂದು ಪಾಲಿನ ಜಾಗಕ್ಕೆ ಅಷ್ಟೆ. ಅದಕ್ಕಿಂತ ಹೆಚ್ಚು ಒತ್ತಲು ಹೋದರೆ ಆಗಿನ ಪೆಟ್ರೋಲು ಕಿಡಿ ಬೀಳುವವರೆಗೆ ತಡೆದುಕೊಳ್ಳುತ್ತಿರಲಿಲ್ಲ. ಎಂಜಿನ್ ಟಣಟಣ ಬಡಿಯುತ್ತಿತ್ತು. 1921ರ ಕೊನೆಯಲ್ಲಿ ಥಾಮಸ್ ಮಿಜ್ಲಿ ಎಂಬ ಎಂಜಿನಿಯರು ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಚಿಟಿಕೆಯಷ್ಟು ಸೇರಿಸಿದರೆ ಆ ಬಡಿತ ನಿಲ್ಲುತ್ತದೆ ಅಂತ ಕಂಡುಹಿಡಿದ. ಆ ಸೀಸ ಮುಂದೆ ಮಕ್ಕಳ ಮಿದುಳಿಗೆ ಮಾಡಿದ ಅನ್ಯಾಯ ಇಡೀ ಲೋಕಕ್ಕೆ ಗೊತ್ತು. ಭಾರತದಲ್ಲಿ ಅದು ಪೂರ್ತಿ ನಿಂತದ್ದು 2000ದಲ್ಲಿ. ಸೀಸ ಬೆರೆತ ಪೆಟ್ರೋಲು ಲಾಟೀನಿಗೆ ಆಗಿಬರಲಿಲ್ಲ: ಆವಿಯಾಗುವ ಸಣ್ಣ ಕೊಳವೆ ಕಟ್ಟಿಕೊಳ್ಳುತ್ತಿತ್ತು, ಹೊಗೆ ವಿಷವಾಗುತ್ತಿತ್ತು. ಹಾಗಾಗಿ ಏನೂ ಬೆರೆಸದ ಹಳೆಯ ಬಿಳಿ ಪೆಟ್ರೋಲು ಲಾಟೀನು ಮತ್ತು ಸ್ಟವ್ವುಗಳ ಪಾಲಿಗೆ ಉಳಿಯಿತು. ಕಾರಿನದು ಸುಧಾರಿಸುತ್ತ ಮುಂದೆ ಹೋಯಿತು.

ಎಷ್ಟು ದೂರ ಹೋಯಿತು ಅನ್ನುವುದಕ್ಕೆ ಆಕ್ಟೇನ್ ಅನ್ನುವ ಅಳತೆ ಇದೆ. ಇಲ್ಲಿನ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲು 87. (ಭಾರತದಲ್ಲಿ ಇದನ್ನೇ 91 ಅನ್ನುತ್ತಿದ್ದರು. ಅಳೆಯುವ ಕ್ರಮ ಬೇರೆ, ಮಾಲು ಹೆಚ್ಚುಕಡಿಮೆ ಒಂದೇ.) ಚೈನ್ ಗರಗಸದ ಕಂಪನಿಗಳಲ್ಲಿ ಕೆಲವು 87 ಸಾಕು ಅನ್ನುತ್ತವೆ, ಕೆಲವು 89ಕ್ಕೆ ಕಡಿಮೆಯದು ಹಾಕಲೇಬೇಡಿ ಅನ್ನುತ್ತವೆ. ಲಾಟೀನಿನ ಡಬ್ಬಿಯಲ್ಲಿರುವುದು 50ರಿಂದ 55. ನೂರು ವರ್ಷ ಹಿಂದಿನ ಪೆಟ್ರೋಲು ಅದು.

ಆಕ್ಟೇನ್ ಹೆಚ್ಚಿದ್ದರೆ ಶಕ್ತಿ ಹೆಚ್ಚು ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಒತ್ತಡಕ್ಕೂ ಬಿಸಿಗೂ ಸಿಕ್ಕಿದಾಗ ತಾನಾಗಿಯೇ ಹೊತ್ತಿಕೊಳ್ಳದೆ, ಪ್ಲಗ್ಗಿನ ಕಿಡಿ ಬರುವ ತನಕ ತಾಳುವ ಗುಣಕ್ಕೆ ಕೊಟ್ಟ ಅಂಕ ಅದು. ಲಾಟೀನಿಗೆ ಆ ತಾಳ್ಮೆ ಬೇಕಾಗಿಲ್ಲ. ಅಲ್ಲಿ ಯಾರೂ ಆವಿಯನ್ನು ಹಿಸುಕುವುದಿಲ್ಲ. ಅದು ಮೆಲ್ಲಗೆ ಮೇಲೆ ಬಂದು ಮೆಂಟಲ್ಲಿನಲ್ಲಿ ಉರಿದುಹೋಗುತ್ತದೆ.

ಗರಗಸದೊಳಗಿನ ಕಥೆ ಬೇರೆ. ಅಲ್ಲಿರುವುದು ಟೂ ಸ್ಟ್ರೋಕ್ ಎಂಜಿನ್, ಹಳೆಯ ಬಜಾಜ್ ಸ್ಕೂಟರಿನ ವಂಶ. ಸ್ಕೂಟರಾದರೂ ನಿಧಾನವಾಗಿ ಓಡುತ್ತಿತ್ತು. ಇದು ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ನಿಮಿಷಕ್ಕೆ 12 ಸಾವಿರ ಸುತ್ತು ಮುಟ್ಟುತ್ತದೆ. ಪ್ರತಿ ಸುತ್ತಿಗೂ ಒಂದು ಕಿಡಿ. ಅಂದರೆ ಸೆಕೆಂಡಿಗೆ 200 ಸಲ ಮಿಶ್ರಣ ಒಳಗೆ ಬರಬೇಕು, ಒತ್ತಿಸಿಕೊಳ್ಳಬೇಕು, ಉರಿಯಬೇಕು, ಹೊರಗೆ ಹೋಗಬೇಕು. ಆರೋಗ್ಯವಾಗಿರುವ ಗರಗಸದ ಹಗ್ಗ ಎಳೆದು ಒತ್ತಡ ಅಳೆದರೆ ಚದರ ಇಂಚಿಗೆ 150 ಪೌಂಡಿನ ಆಸುಪಾಸು ತೋರಿಸುತ್ತದೆ. ತಣ್ಣಗಾಗಲು ನೀರಿಲ್ಲ, ಗಾಳಿ ಮಾತ್ರ.

ಇಂಥಲ್ಲಿ ಆಕ್ಟೇನ್ ಕಡಿಮೆಯ ಇಂಧನ ಹಾಕಿದರೆ, ಕಿಡಿ ಬಿದ್ದು ಉರಿ ಒಂದು ಕಡೆಯಿಂದ ಹರಡಿಕೊಂಡು ಬರುತ್ತಿರುವಾಗ ಇನ್ನೊಂದು ಮೂಲೆಯಲ್ಲಿ ಉಳಿದಿರುವ ಮಿಶ್ರಣ ತಡೆಯಲಾರದೆ ತಾನೇ ಒಮ್ಮೆಲೇ ಸಿಡಿಯುತ್ತದೆ. ಪಿಸ್ಟನ್ನಿನ ತಲೆಯ ಮೇಲೆ ಸುತ್ತಿಗೆ ಏಟು ಬಿದ್ದ ಹಾಗಾಗುತ್ತದೆ. ಒಂದು ಏಟಿಗೆ ಏನೂ ಆಗುವುದಿಲ್ಲ. ಆದರೆ ಸೆಕೆಂಡಿಗೆ ಇನ್ನೂರು ಸಲದ ಲೆಕ್ಕ ನೆನಪಿಡಿ. ಅಲ್ಯೂಮಿನಿಯಂ ಪಿಸ್ಟನ್ನಿನ ಮೇಲೆ ತೆಳ್ಳನೆಯ ಗಾಳಿಪದರವೊಂದು ಬಿಸಿಯನ್ನು ತಡೆದು ನಿಂತಿರುತ್ತದೆ. ಈ ಏಟು ಅದನ್ನು ಚದುರಿಸುತ್ತದೆ, ಉರಿಯ ಬಿಸಿ ನೇರ ಲೋಹಕ್ಕೆ ನಾಟುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಒಳಗಿನ ಉರಿ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ. ಕಾರಿನಲ್ಲಾದರೆ ಈ ಬಡಿತ ಕೇಳಿಸಿಕೊಂಡು ಕಿಡಿಯ ಹೊತ್ತನ್ನು ಹಿಂದೆ ಸರಿಸುವ ಸೆನ್ಸರ್ ಇದೆ. ಗರಗಸದಲ್ಲಿ ಅದಿಲ್ಲ. ಅದರ ಅಬ್ಬರದಲ್ಲಿ, ಕಿವಿಗೆ ಮುಚ್ಚಿಗೆ ಹಾಕಿಕೊಂಡ ನಮಗೂ ಕೇಳಿಸುವುದಿಲ್ಲ.

ರಿಪೇರಿ ಅಂಗಡಿಯೊಂದರಲ್ಲಿ ಇಂಥ ಪಿಸ್ಟನ್ ಒಂದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ತಲೆಯ ಅಂಚು ಒಂದು ಕಡೆ ಇಲಿ ಕಡಿದ ಕೊಬ್ಬರಿಯ ಹಾಗಿತ್ತು. ಹೊಗೆ ಹೋಗುವ ಬದಿಯಲ್ಲಿ ಮೇಲಿನಿಂದ ಕೆಳಗೆ ಉದ್ದುದ್ದ ಗೀರು, ಉಂಗುರ ತನ್ನ ತೋಡಿನಲ್ಲೇ ಅಂಟಿಕೊಂಡು ಅಲ್ಲಾಡದೆ ಕೂತಿತ್ತು. ಮಿಕ್ಕ ಬದಿ ಹೊಸದರಂತೆ ಹೊಳೆಯುತ್ತಿತ್ತು. ಸಿಲಿಂಡರು, ಪಿಸ್ಟನ್ನು ಎರಡೂ ಬದಲಾಯಿಸಬೇಕು, ಕೂಲಿ ಸೇರಿದರೆ ಸಣ್ಣ ಹೊಸ ಗರಗಸದ ಬೆಲೆಯೇ ಆಗುತ್ತದೆ ಅಂದ ಮೆಕ್ಯಾನಿಕ್ಕು. ಅಂಥದ್ದನ್ನು ಒಮ್ಮೆ ಕಂಡವರು ಡಬ್ಬಿ ಬದಲಾಯಿಸುವ ಮಾತು ಎತ್ತುವುದಿಲ್ಲ.

ಶಿರಸಿಯವರು ಸುಮ್ಮನೆ ಒಪ್ಪುವವರಲ್ಲ, ಒಪ್ಪಲೂಬಾರದು. "ಅಲ್ರೀ, ನಮ್ಮ ತೋಟದ ಪಂಪ್‌ಸೆಟ್ಟು ವರ್ಷಗಟ್ಟಲೆ ಸೀಮೆಎಣ್ಣೆಯಲ್ಲೇ ಓಡ್ತು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡೂದು, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸೂದು. ಸೀಮೆಎಣ್ಣೆ ಇದಕ್ಕಿಂತ ಕಡಿಮೆ ಜಾತಿಯದ್ದಲ್ದಾ? ಅದಕ್ಕೆ ಎಂಥದೂ ಆಗ್ಲಿಲ್ವಲ್ಲ!"

ಒಳ್ಳೆಯ ಮಾತು. ಸೊಸೈಟಿಯಿಂದ ತಂದ ನೀಲಿ ಸೀಮೆಎಣ್ಣೆ, ಆ ಪಂಪ್‌ಸೆಟ್ಟಿನ ಮೂತಿಯಿಂದ ಬರುವ ಬಿಳಿ ಹೊಗೆ, ಅಡಿಕೆ ತೋಟದ ಕಾಲುವೆಗೆ ನೀರು ಬಿದ್ದ ಸದ್ದು ನೆನಪಿರುವ ಯಾರಾದರೂ ಇದನ್ನು ಕೇಳಬೇಕಾದದ್ದೇ. ಉತ್ತರ ಇಷ್ಟೆ: ಆ ಎಂಜಿನ್ನನ್ನು ಸೀಮೆಎಣ್ಣೆಗೆಂದೇ ಮಾಡಿದ್ದರು. ಒತ್ತಡ ಬೇಕೆಂದೇ ಕಡಿಮೆ ಇಟ್ಟಿದ್ದರು. ನಿಧಾನದ ಓಟ, ಭಾರದ ಕಬ್ಬಿಣ, ಆಯಿಲಿಗೆ ಕೆಳಗೆ ಬೇರೆ ತೊಟ್ಟಿ. ತಣ್ಣಗಿರುವಾಗ ಸೀಮೆಎಣ್ಣೆ ಆವಿಯಾಗುವುದಿಲ್ಲ ಅಂತ ಶುರುವಿಗೆ ಪೆಟ್ರೋಲು. ಕಡಿಮೆ ಆಕ್ಟೇನಿನ ಇಂಧನಕ್ಕೆ ಕಡಿಮೆ ಒತ್ತಡದ ಎಂಜಿನ್ ಕೊಟ್ಟರೆ ಎರಡಕ್ಕೂ ಕ್ಷೇಮ. ಲಾಟೀನಿನ ಇಂಧನವನ್ನೂ ಹಾಗೆ ಸರಿಯಾಗಿ ಬಳಸುವವರು ಅಮೆರಿಕದಲ್ಲಿದ್ದಾರೆ: ಹಳೆಯ ಕಾಲದ ಎಂಜಿನ್ನುಗಳ ಪುಟ್ಟ ಮಾದರಿ ಮಾಡಿ ಓಡಿಸುವ ಹವ್ಯಾಸಿಗಳು. ಅವರ ಪುಟಾಣಿ ಎಂಜಿನ್ನು ಟುಕ್ ಟುಕ್ ಅಂತ ತೂಕಡಿಸುತ್ತ ಓಡುತ್ತದೆ. ಅದಕ್ಕೆ ಇದು ವಾಸನೆ ಕಡಿಮೆಯ, ಕೊಳೆ ಕಟ್ಟದ ಒಳ್ಳೆಯ ಆಹಾರ. ಓಕ್ ದಿಮ್ಮಿಗೆ ಹಲ್ಲು ಹಾಕುವ ಗರಗಸಕ್ಕೆ ಆ ನ್ಯಾಯ ಸಲ್ಲದು.

"ಅರ್ಧ ಇದು, ಅರ್ಧ ಪೆಟ್ರೋಲು?" ಅಂದರು. ಅರ್ಧಕ್ಕೆ ಅರ್ಧ ಬೆರೆಸಿದರೆ ಆಕ್ಟೇನ್ 70ರ ಹತ್ತಿರ ಬರಬಹುದು. ಬೇಕಾದದ್ದು 87. ಅರ್ಧ ಪೆಟ್ರೋಲು ಕೈಯಲ್ಲಿದ್ದರೆ ಅದಕ್ಕೇ ಆಯಿಲ್ ಬೆರೆಸಿ ಸಾಕಾದಷ್ಟು ಕುಯ್ದು ನಿಲ್ಲಿಸುವುದು ಲೇಸು.

ಹಾಕಿದರೆ ಸ್ಟಾರ್ಟ್ ಆಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆಗುತ್ತದೆ. ಹಗ್ಗ ಎಳೆದರೆ ಚೆನ್ನಾಗಿಯೇ ಹೊತ್ತಿಕೊಳ್ಳುತ್ತದೆ, ಸಣ್ಣ ಕೊಂಬೆ ನಾಲ್ಕಾರು ಕುಯ್ಯುತ್ತದೆ ಕೂಡ. ಮೋಸ ಇರುವುದು ಅಲ್ಲೇ. ಓಡಿತಲ್ಲ ಅಂತ ಧೈರ್ಯ ಬಂದು ದಪ್ಪ ಬೊಡ್ಡೆಗೆ ಇಟ್ಟು ಒತ್ತಿ ಹಿಡಿದಾಗ, ಎಂಜಿನ್ ಕಾದು ಭಾರ ಎಳೆಯುವಾಗ, ಕೆಡುಕು ಶುರುವಾಗುತ್ತದೆ. ಇನ್ನೂ ದೊಡ್ಡ ಅಪಾಯ, ಅವಸರದಲ್ಲಿ ಆಯಿಲ್ ಬೆರೆಸುವುದನ್ನೇ ಮರೆಯುವುದು. ಡಬ್ಬಿಯಲ್ಲಿರುವುದು ನೀರಿನಂತೆ ತಿಳಿಯಾದ ದ್ರವ, ಅದರಲ್ಲಿ ಒಂದು ಹನಿ ಆಯಿಲ್ ಇಲ್ಲ. ಈ ಎಂಜಿನ್ನಿಗೆ ಇಂಧನದ ಜೊತೆ ಬರುವ ಆಯಿಲ್ ಬಿಟ್ಟರೆ ಬೇರೆ ಆಯಿಲ್ ಗತಿಯಿಲ್ಲ. ಪಕ್ಕದ ಇನ್ನೊಂದು ಮುಚ್ಚಳದಲ್ಲಿ ಹಾಕುವ ಆಯಿಲ್ ಹೋಗುವುದು ಚೈನಿಗೆ, ಎಂಜಿನ್ನಿಗಲ್ಲ. ಒಂದು ಲೀಟರಿಗೆ 20 ಮಿಲಿ ಟೂ ಟಿ ಆಯಿಲ್ ಅನ್ನುವುದು ಇಂದಿನ ಬಹುತೇಕ ಗರಗಸಗಳ ಲೆಕ್ಕ. ಬಂಕಿನಲ್ಲಿ ಸ್ಕೂಟರಿಗೆ ಟೂ ಟಿ ಹಾಕಿಸಿಕೊಂಡು ಬೆಳೆದ ನಮಗೆ ಇದು ಹೊಸದಲ್ಲ.

ಜನ ಲಾಟೀನಿನ ಇಂಧನದತ್ತ ಆಸೆಗಣ್ಣು ಹಾಯಿಸುವುದಕ್ಕೆ ಇನ್ನೊಂದು ಕಾರಣವಿದೆ, ಅದು ನ್ಯಾಯವಾದದ್ದೇ. ಬಂಕಿನ ಪೆಟ್ರೋಲಿನಲ್ಲಿ ಈಗ ಎಥನಾಲ್ ಇರುತ್ತದೆ, ಇಲ್ಲಿ ಸಾಮಾನ್ಯವಾಗಿ ನೂರಕ್ಕೆ 10. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಕೂರುತ್ತವೆ. ಗರಗಸದ ಟ್ಯಾಂಕಿನಲ್ಲಿ ಇಂಧನ ಹೀರುವ ಕೊಳವೆ ಇರುವುದೂ ತಳದಲ್ಲೇ. ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲಿ ಉಳಿದಿರುತ್ತದೆ. ಮೇಲಾಗಿ ಕಾರ್ಬೊರೇಟರಿನೊಳಗಿನ ತೆಳು ರಬ್ಬರ್ ಪೊರೆ, ಕೊಳವೆ ಎಲ್ಲ ಎಥನಾಲಿಗೆ ಸಿಕ್ಕಿ ಬಿರುಸಾಗುತ್ತವೆ. ಲಾಟೀನಿನ ಇಂಧನದಲ್ಲಿ ಎಥನಾಲ್ ಇಲ್ಲ, ಸೀಲು ಒಡೆಯದ ಡಬ್ಬಿ ವರ್ಷಗಟ್ಟಲೆ ಕೆಡದೆ ಇರುತ್ತದೆ. "ಶುದ್ಧವಾದದ್ದು" ಅಂತ ಜನ ಮರುಳಾಗುವುದು ಇದಕ್ಕೇ. ಶುದ್ಧವೇನೋ ಹೌದು, ಆಕ್ಟೇನ್ ಇಲ್ಲ. ಎರಡೂ ಇರುವ ಇಂಧನ ಬೇಕಾದವರಿಗೆ ಆಲ್ಕಿಲೇಟ್ ಪೆಟ್ರೋಲು ಇದೆ. 1980ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಮಾರುಕಟ್ಟೆಗೆ ಬಂದು, ಕಾಡಿನಲ್ಲಿ ದಿನವಿಡೀ ಗರಗಸದ ಹೊಗೆ ಕುಡಿಯುವ ಕೆಲಸಗಾರರ ನಡುವೆ ಹೆಸರು ಮಾಡಿತು. ಇಲ್ಲೂ ಆಯಿಲ್ ಬೆರೆಸಿಯೇ ತುಂಬಿದ ಡಬ್ಬಿಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ಬಂಕಿನ ಪೆಟ್ರೋಲಿಗಿಂತ ಎಷ್ಟೋ ಪಟ್ಟು ದುಬಾರಿ. ಅಪರೂಪಕ್ಕೊಮ್ಮೆ ಗರಗಸ ಹಿಡಿಯುವ ನಮ್ಮಂಥವರಿಗೆ ಆ ದುಡ್ಡು ದಂಡವಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಎಥನಾಲಿನ ಮಾತು ಬಂದಾಗ ಶಿರಸಿಯವರು ಊರಿನ ತಮ್ಮನ ಸುದ್ದಿ ತೆಗೆದರು. ತೋಟದ ಕಳೆ ಹೊಡೆಯುವ ಮಿಷನ್ನು ಮಳೆಗಾಲ ಮುಗಿಸಿ ಇಟ್ಟರೆ ಮರುವರ್ಷ ಸ್ಟಾರ್ಟೇ ಆಗುವುದಿಲ್ಲವಂತೆ. ಭಾರತದಲ್ಲಿ ನೂರಕ್ಕೆ 20 ಎಥನಾಲಿನ ಪೆಟ್ರೋಲನ್ನು ಬಿಡುಗಡೆ ಮಾಡಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ. ಕಾರಿನ ವಿಷಯ ಕಾರಿನವರು ಹೇಳಲಿ. ಮಲೆನಾಡಿನ ಮನೆಮನೆಯಲ್ಲೂ ಇರುವ ಈ ಸಣ್ಣ ಟೂ ಸ್ಟ್ರೋಕ್ ಮಿಷನ್ನುಗಳ ಕಾರ್ಬೊರೇಟರಿಗೆ ಇದು ಕಷ್ಟದ ಆಹಾರ. ಮಿಷನ್ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಓಡಿಸಿಡಲಿ ಅಂತ ತಮ್ಮನಿಗೆ ಹೇಳಿ ಅಂದೆ. ಬೆರೆಸಿದ ಪೆಟ್ರೋಲನ್ನು ತಿಂಗಳಿಗಿಂತ ಹೆಚ್ಚು ಇಡುವುದೂ ಬೇಡ.

ನಾಫ್ತಾವನ್ನು ಪೆಟ್ರೋಲಿನ ಬದಲು ಸುರಿಯುವುದು ಭಾರತದಲ್ಲಿ ಬರೀ ಗ್ಯಾರೇಜಿನ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆ. ವಾಹನಗಳಿಗೆ ನಾಫ್ತಾ ಹಾಕುವುದನ್ನು ತಡೆಯಲೆಂದೇ ಕೇಂದ್ರ ಸರ್ಕಾರ 2000ದಲ್ಲಿ ಪ್ರತ್ಯೇಕ ಆದೇಶ ಹೊರಡಿಸಿತು. ಪೆಟ್ರೋಲಿಗೆ ಅಗ್ಗದ ದ್ರಾವಕ, ಡೀಸೆಲಿಗೆ ಸೀಮೆಎಣ್ಣೆ ಬೆರೆಸಿ ದುಡ್ಡು ಮಾಡುವವರ ಹಾವಳಿ ಅಷ್ಟಿತ್ತು. ಆ ಹಾವಳಿಯ ಎದುರು ನಿಂತವರಲ್ಲಿ ನಮ್ಮ ಕೋಲಾರದ ಕಡೆಯ ಎಸ್. ಮಂಜುನಾಥ್ ಒಬ್ಬರು. ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್, ಲಖನೌದ ಐಐಎಂನಲ್ಲಿ ಮ್ಯಾನೇಜ್‌ಮೆಂಟ್ ಓದಿ ಇಂಡಿಯನ್ ಆಯಿಲ್ ಸೇರಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆಯ ಬಂಕಿಗೆ ಬೀಗ ಹಾಕಿಸಿದ್ದಕ್ಕೆ 2005ರ ನವೆಂಬರಿನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಆಗಿನ್ನೂ 27 ವಯಸ್ಸು. ನಾನು ಓಡಾಡಿದ ಊರಿನಲ್ಲೇ ಓದಿದ ಹುಡುಗ. ಇಂಧನದ ಶುದ್ಧಿಯ ಮಾತು ಬಂದಾಗ ಅವರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಶಿರಸಿಯವರೂ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಇನ್ನು ಸ್ಯಾಂಡಿ ಚಂಡಮಾರುತದಂಥ ಹೊತ್ತು. ಅದು ನ್ಯೂ ಜೆರ್ಸಿಯ ಕರಾವಳಿಗೆ ಅಪ್ಪಳಿಸಿದ್ದು 2012ರ ಅಕ್ಟೋಬರ್ 29ರ ರಾತ್ರಿ. ಮರಗಳು ತಂತಿ ಎಳೆದುಕೊಂಡು ಬಿದ್ದವು, ರಾಜ್ಯದಲ್ಲಿ 20 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟು ಹೋಯಿತು. ಕರೆಂಟಿಲ್ಲದೆ ಬಂಕಿನ ಪಂಪು ಎತ್ತುವುದಿಲ್ಲ. ನೆಲದಡಿ ಪೆಟ್ರೋಲು ತುಂಬಿದ್ದರೂ ಮೇಲೆ ಬರಲಿಲ್ಲ. ನವೆಂಬರ್ 3ರಿಂದ 12 ಕೌಂಟಿಗಳಲ್ಲಿ ನಂಬರ್ ಪ್ಲೇಟಿನ ಸರಿ–ಬೆಸ ನೋಡಿ ಪೆಟ್ರೋಲು ಹಾಕುವ ಕ್ರಮ ಜಾರಿಯಾಯಿತು. ಕೆಂಪು ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರಲ್ಲಿ ನಮ್ಮ ಕನ್ನಡದ ಮನೆಗಳವರೂ ಇದ್ದರು. ಬಾಗಿಲಿಗೆ ಅಡ್ಡ ಮರ ಬಿದ್ದಿದೆ, ಗರಗಸ ಇದೆ, ಪೆಟ್ರೋಲಿಲ್ಲ, ಲಾಟೀನಿನ ಡಬ್ಬಿ ಇದೆ ಅನ್ನುವ ಇಕ್ಕಟ್ಟು ಕಲ್ಪನೆಯದಲ್ಲ.

ಆಗಲೂ ನನ್ನ ಮಾತು ಬೇಡವೆಂದೇ. ಹುಲ್ಲು ಕತ್ತರಿಸುವ ಮಿಷನ್ನಿಗೆಂದು ಇಟ್ಟ ಪೆಟ್ರೋಲು ಹೊಸದಿದ್ದರೆ, ಅದಕ್ಕೆ ಟೂ ಟಿ ಆಯಿಲ್ ಬೆರೆಸಿದರೆ ಸಾಕು. ಅದೂ ಇಲ್ಲವೆಂದರೆ ಕೈಗರಗಸ ಹಿಡಿಯಬೇಕು, ಇಲ್ಲವೆ ನೆರೆಮನೆಯ ಬ್ಯಾಟರಿ ಗರಗಸ ಕೇಳಿ ತರಬೇಕು. ಲಾಟೀನಿನ ಡಬ್ಬಿಗೆ ಆ ಕತ್ತಲಲ್ಲಿ ಅದರದೇ ಕೆಲಸವಿದೆ. ಬೆಳಕು ಕೊಡಲಿ, ಅಂಗಳದಲ್ಲಿ ಸ್ಟವ್ ಹಚ್ಚಿ ಒಂದು ಲೋಟ ಕಾಫಿ ಕಾಯಿಸಿ ಕೊಡಲಿ. ಯಾರೋ ಸಿಕ್ಕಿಹಾಕಿಕೊಂಡು ಪ್ರಾಣಕ್ಕೇ ಸಂಚಕಾರ ಬಂದಿದ್ದರೆ ಮಾತು ಬೇರೆ. ಆಗ ಗರಗಸದ ಮುಖ ನೋಡಬೇಡಿ, ಆಯಿಲ್ ಬೆರೆಸಿ ಹಾಕಿ, ಕುಯ್ದು ಮನುಷ್ಯನನ್ನು ಬಿಡಿಸಿ.

ಊರಿನಿಂದ ತಂದ ಹಳೆಯ ಸೀಮೆಎಣ್ಣೆ ಲಾಟೀನನ್ನು ಶೋಕಿಗೆಂದು ಇಟ್ಟುಕೊಂಡಿರುವ ಮನೆಗಳು ನಮ್ಮಲ್ಲಿ ಬಹಳ. ಕರೆಂಟು ಹೋದಾಗ ಅದಕ್ಕೆ ಈ ಕ್ಯಾಂಪಿಂಗ್ ಇಂಧನ ಸುರಿಯಬೇಡಿ. ಗರಗಸಕ್ಕೆ ಸುರಿದರೆ ಪಿಸ್ಟನ್ನು ಹೋದೀತು. ಬತ್ತಿಯ ಲಾಟೀನಿಗೆ ಸುರಿದರೆ ಅದು ಕೈಯಲ್ಲೇ ಹೊತ್ತಿಕೊಂಡು ಮನೆ ಸುಡುತ್ತದೆ. ಈ ಸೀಮೆಯಲ್ಲಿ ಕ್ಯಾನಿನ ಬಣ್ಣಕ್ಕೆ ಒಂದು ರೂಢಿ ಇದೆ: ಪೆಟ್ರೋಲಿಗೆ ಕೆಂಪು, ಸೀಮೆಎಣ್ಣೆಗೆ ನೀಲಿ, ಡೀಸೆಲಿಗೆ ಹಳದಿ. ಆ ರೂಢಿ ಮುರಿಯಬೇಡಿ. ಆಯಿಲ್ ಬೆರೆಸಿದ ಕ್ಯಾನಿನ ಮೇಲೆ ಬೆರೆಸಿದ ತಾರೀಖು ಬರೆದು ಅಂಟಿಸಿ. ಇಲ್ಲಿನ ಚಂಡಮಾರುತದ ಕಾಲ ಜೂನ್ ಒಂದಕ್ಕೆ ಶುರು. ಅದಕ್ಕೆ ಮುಂಚೆ ಆಯಿಲ್ ಬೆರೆಸಿದ ಸೀಲು ಡಬ್ಬಿ ಒಂದನ್ನು ತಂದು ಗರಗಸದ ಪಕ್ಕದಲ್ಲೇ ಇಟ್ಟುಬಿಡಿ.